‘ಉಳಿದವರು’ ಯಾರು? ಫ್ರಾಂಕ್‌ಫರ್ಟಿನ ಕೂಟ ಮತ್ತು ಸತ್ಯವೇದ ಅಧ್ಯಯನದ ಆರಂಭದ ಪ್ರಶ್ನೆ

1

ಸಭೆಗಳಲ್ಲಿ ಸತ್ಯವೇದ ಅಧ್ಯಯನ ಕೂಟ ನಡೆಸುವವರಿಗಾಗಿ ಬರೆದ ಕೈಪಿಡಿಗಳಲ್ಲಿ ಚರಿತ್ರೆಗೆ ಸಿಗುವ ಜಾಗ ಹೆಚ್ಚೆಂದರೆ ಅರ್ಧ ಪುಟ. ಆ ಅರ್ಧ ಪುಟದಲ್ಲಿ ಮತ್ತೆ ಮತ್ತೆ ಬರುವ ಹೇಳಿಕೆಯೊಂದಿದೆ: 1670ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಫಿಲಿಪ್ ಯಾಕೋಬ್ ಸ್ಪೇನರ್ ತಮ್ಮ ಮನೆಯಲ್ಲಿ ಸತ್ಯವೇದ ಅಧ್ಯಯನ ಕೂಟವನ್ನು ಶುರುಮಾಡಿದರು, ಇಂದಿನ ಕೂಟಗಳಿಗೆಲ್ಲ ಅದೇ ಬೇರು. ಇಸವಿ ಸರಿ, ಊರು ಸರಿ, ಮನೆಯೂ ಸರಿ. ತಪ್ಪಿರುವುದು ‘ಸತ್ಯವೇದ ಅಧ್ಯಯನ’ ಎಂಬ ಮಾತಿನಲ್ಲಿ. ಆ ವರ್ಷ ಆ ಮನೆಯ ಮೇಜಿನ ಮೇಲೆ ತೆರೆದಿದ್ದ ಪುಸ್ತಕ ಸತ್ಯವೇದವಾಗಿರಲಿಲ್ಲ.

ಇದು ನನ್ನ ಶೋಧವೇನಲ್ಲ. ಜರ್ಮನ್ ಭಕ್ತಿಪಂಥದ ಚರಿತ್ರೆಯನ್ನು ಓದಿದವರಿಗೆಲ್ಲ ಗೊತ್ತಿರುವ ಸಂಗತಿ. ಯೋಹಾನ್ನೆಸ್ ವಾಲ್‌ಮಾನ್ ಅವರು ಸ್ಪೇನರ್ ಬಗ್ಗೆ 1970ರಲ್ಲಿ ಪ್ರಕಟಿಸಿದ ಗ್ರಂಥ ಬಂದ ಮೇಲಂತೂ ಇದನ್ನು ಅರಿಯದೆ ಬರೆಯುವುದಕ್ಕೆ ಕಾರಣವೇ ಉಳಿದಿಲ್ಲ. ಆದರೂ ಹೇಳಿಕೆ ಹಾಗೆಯೇ ಉಳಿದಿದೆ. ಅದನ್ನು ತಿದ್ದಿದವರೂ ತಿದ್ದುವಾಗ ಒಂದು ಮುಖ್ಯ ಪ್ರಶ್ನೆಯನ್ನು ಬದಿಗೆ ಸರಿಸಿದರು ಎಂಬುದು ಈ ಲೇಖನದ ವಾದ. ಸತ್ಯವೇದ ಮೇಜಿನ ಮೇಲೆ ಯಾವಾಗ ಬಂತು ಎಂದು ಎಲ್ಲರೂ ಕೇಳಿದರು. ಮೇಜಿನ ಸುತ್ತ ಕುಳಿತವರಲ್ಲಿ ಯಾರು ಬಾಯಿ ತೆರೆಯಬಹುದಿತ್ತು ಎಂಬುದನ್ನು ಅಷ್ಟೇ ಶ್ರದ್ಧೆಯಿಂದ ಕೇಳಿದವರು ಕಡಿಮೆ. ಕೂಟದ ಚರಿತ್ರೆ ಇರುವುದು ಈ ಎರಡನೆಯ ಪ್ರಶ್ನೆಯಲ್ಲಿ.

2

ಕೂಟದ ಆರಂಭದ ಬಗ್ಗೆ ನಮಗಿರುವ ಮುಖ್ಯ ಆಕರ ಸ್ಪೇನರ್ ಅವರೇ 1677ರಲ್ಲಿ ಪ್ರಕಟಿಸಿದ ಒಂದು ಪತ್ರರೂಪದ ಹೊತ್ತಗೆ. ಪರಸ್ಥಳದ ದೈವಶಾಸ್ತ್ರಜ್ಞರೊಬ್ಬರಿಗೆ ಬರೆದಂತೆ ಅದು ಇದೆ. ಅವರ ಪ್ರಸಿದ್ಧ ‘ಪಿಯಾ ದೆಸಿದೇರಿಯಾ’ವನ್ನು (1675) ಉಲ್ಲೇಖಿಸುವವರು ನೂರು ಮಂದಿ ಇದ್ದರೆ ಈ ಪತ್ರವನ್ನು ತೆರೆದು ನೋಡುವವರು ಐದಾರು ಮಂದಿ. ನೋಡಿದವರೂ ಒಂದು ಪಟ್ಟಿಯನ್ನು ಎತ್ತಿಕೊಂಡು ಉಳಿದುದನ್ನು ಬಿಟ್ಟುಬಿಡುತ್ತಾರೆ.

ಆ ಪಟ್ಟಿ ಹೀಗಿದೆ. ಕೂಟದಲ್ಲಿ ಮೊದಲು ಓದಿದ್ದು ಆಂಗ್ಲಿಕನ್ ಬಿಷಪ್ ಲೂಯಿಸ್ ಬೇಲಿ ಬರೆದ ‘ಪ್ರಾಕ್ಸಿಸ್ ಪಿಯೆತಾತಿಸ್’, ಆಮೇಲೆ ಯೋಆಖಿಮ್ ಲ್ಯೂಟ್ಕೆಮಾನ್ ಅವರು ದೇವರ ಒಳ್ಳೆಯತನದ ಮುನ್ರುಚಿಯನ್ನು ಕುರಿತು ಬರೆದ ಭಕ್ತಿಗ್ರಂಥ, ಬಳಿಕ ನಿಕೊಲಾಸ್ ಹುನ್ನಿಯುಸ್ ನಂಬಿಕೆಯ ತತ್ತ್ವಗಳನ್ನು ಸಂಕ್ಷೇಪಿಸಿದ ‘ಎಪಿತೊಮೆ ಕ್ರೆದೆಂದೊರುಂ’. ಒಬ್ಬರು ಆಂಗ್ಲಿಕನರು, ಇಬ್ಬರು ಲೂಥರನ್ ಜರ್ಮನರು. ಒಂದು ಆಚಾರದ ಪುಸ್ತಕ, ಒಂದು ಅನುಭವದ ಪುಸ್ತಕ, ಒಂದು ಸಿದ್ಧಾಂತದ ಪುಸ್ತಕ. ಕೂಟ ಸತ್ಯವೇದಕ್ಕೆ ತಿರುಗಿದ್ದು ನಾಲ್ಕೈದು ವರ್ಷಗಳ ಮೇಲೆ, 1675ರ ಆಸುಪಾಸಿನಲ್ಲಿ.

ಈ ಪಟ್ಟಿಯನ್ನು ಹಿಡಿದು ಎರಡು ಬಗೆಯ ಓದುಗಳು ಬೆಳೆದಿವೆ. ಮೊದಲನೆಯದು ಕೈಪಿಡಿಗಳ ಓದು: ಈ ಪುಸ್ತಕಗಳೆಲ್ಲ ಸತ್ಯವೇದದ ಸಾರವನ್ನೇ ಹೇಳುತ್ತವೆ, ಆದ್ದರಿಂದ ಇದನ್ನು ಮೊದಲ ದಿನದಿಂದಲೇ ಸತ್ಯವೇದ ಅಧ್ಯಯನ ಎಂದರೆ ತಪ್ಪೇನು ಎಂಬ ಧಾಟಿ. ಇದರಲ್ಲಿ ಒಂದು ಎಳೆ ನಿಜವಿದೆ. ದಿನಕ್ಕೆ ಮೂರು ಹೊತ್ತು ಅಧ್ಯಾಯ ಓದಿ ವರ್ಷದೊಳಗೆ ಸತ್ಯವೇದವನ್ನು ಮುಗಿಸುವ ಕ್ರಮವನ್ನು ಬೇಲಿಯ ಪುಸ್ತಕವೇ ಕಲಿಸುತ್ತದೆ. ಆದರೆ ಅದು ಒಬ್ಬೊಬ್ಬರೂ ಮನೆಯಲ್ಲಿ ಓದಬೇಕಾದ ಕ್ರಮ. ಕುಮಾರವ್ಯಾಸನ ಬಗ್ಗೆ ಬರೆದ ಪುಸ್ತಕವನ್ನು ಹತ್ತು ಮಂದಿ ಸೇರಿ ಓದಿದರೆ ಅದನ್ನು ಭಾರತ ವಾಚನ ಎನ್ನಲಾಗದು. ಆ ಅಂತರವನ್ನು ಅಳಿಸಿದರೆ ಚರಿತ್ರೆಗೆ ಕೆಲಸವೇ ಉಳಿಯುವುದಿಲ್ಲ.

ಎರಡನೆಯದು ವಿದ್ವಾಂಸರ ಓದು. 1670ರ ಕೂಟ ಬೇರೆ, 1675ರ ಕೂಟ ಬೇರೆ. ಮೊದಲನೆಯದು ಭಕ್ತಿಗ್ರಂಥಗಳ ಓದಿನ ಗೆಳೆಯರ ಬಳಗ, ಎರಡನೆಯದು ಹೊಸ ಪ್ರೇರಣೆಯಿಂದ ಹುಟ್ಟಿದ ಅಪೊಸ್ತಲ ಮಾದರಿಯ ಸಭೆ. ಈ ನಡುವಿನ ತಿರುವನ್ನು ಎತ್ತಿ ತೋರಿಸಿದ ಶ್ರೇಯಸ್ಸು ವಾಲ್‌ಮಾನ್ ಅವರದು. ಕೂಟದ ಹುಟ್ಟಿನಲ್ಲಿ ವಕೀಲ ಯೋಹಾನ್ ಯಾಕೋಬ್ ಶ್ಯೂಟ್ಸ್ ಅವರ ಪಾಲನ್ನು ಸ್ಪೇನರ್ ನೆರಳಿನಿಂದ ಹೊರಗೆ ತಂದವರೂ ಅವರೇ. (ಆಂಡ್ರೆಯಾಸ್ ದೆಪ್ಪರ್‌ಮಾನ್ 2002ರಲ್ಲಿ ಶ್ಯೂಟ್ಸ್ ಬಗ್ಗೆ ಪ್ರಕಟಿಸಿದ ಗ್ರಂಥ ಈ ಕೆಲಸವನ್ನು ಮುಂದುವರಿಸಿತು. ಈ ಇಬ್ಬರ ಋಣ ಈ ಲೇಖನದ ಪ್ರತಿ ಪುಟದಲ್ಲೂ ಇದೆ. ನಾನು ಅವರೊಡನೆ ಜಗಳವಾಡುವುದು ಅವರ ಅಂಗಳದಲ್ಲಿ ನಿಂತೇ.) ಆದರೆ ಇವರ ಓದಿನಲ್ಲೂ ಕೂಟವನ್ನು ಅಳೆಯುವ ಕೋಲು ಪುಸ್ತಕವೇ. ಮೇಜಿನ ಮೇಲಿನ ಪುಸ್ತಕ ಬದಲಾದಾಗ ಕೂಟ ಬದಲಾಯಿತು ಎಂದು ಇಬ್ಬರೂ ಒಪ್ಪಿಕೊಂಡಂತಿದೆ.

ಪತ್ರ ಹೇಳುವುದು ಬೇರೆ. ಪುಸ್ತಕಗಳ ಪಟ್ಟಿಗೆ ಮುಂಚೆ ಸ್ಪೇನರ್ ಒಂದು ಸಂದರ್ಭವನ್ನು ವಿವರಿಸುತ್ತಾರೆ. ಕೆಲವು ದೈವಭಕ್ತ ಮಿತ್ರರು ಅವರ ಬಳಿ ಬಂದು ದುಃಖ ಹೇಳಿಕೊಂಡರು: ಸಮಾಜದಲ್ಲಿ ನಾಲ್ಕು ಜನ ಸೇರಿದಾಗ ಆಡುವ ಮಾತಿನಲ್ಲಿ ಆತ್ಮಕ್ಕೆ ಹಿತವಾದದ್ದು ಏನೂ ಇರುವುದಿಲ್ಲ, ನಮ್ಮ ಒಳಗಿನದನ್ನು ಒಬ್ಬರಿಗೊಬ್ಬರು ಬಿಚ್ಚಿ ಹೇಳಲು ಜಾಗವೇ ಇಲ್ಲ. ಹೊರಗಿನವರಿಗೆ ಅನುಮಾನ ಬರಬಾರದೆಂದು ಸ್ಪೇನರ್ ತಮ್ಮ ಮನೆಯನ್ನೇ ಕೊಟ್ಟರು, ತಾವೂ ಕುಳಿತರು. ಅವರು ಕೇಳಿಕೊಂಡು ಬಂದದ್ದು ಓದಿಗಾಗಿ ಅಲ್ಲ, ಮಾತಿಗಾಗಿ. ಪುಸ್ತಕ ಬಂದದ್ದು ಮಾತಿಗೆ ಆಸರೆಯಾಗಿ.

ಪಟ್ಟಿಯನ್ನು ಎತ್ತಿಕೊಂಡು ಈ ಸಂದರ್ಭವನ್ನು ಬಿಟ್ಟದ್ದೇ ಎರಡೂ ಓದುಗಳ ಸಮಾನ ದೋಷ.

3

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. 1677ರ ಪತ್ರವನ್ನು ಸ್ಪೇನರ್ ಬರೆದದ್ದು ಘಟನೆಯಾದ ಏಳು ವರ್ಷಗಳ ಮೇಲೆ, ಕೂಟದ ಸುತ್ತ ಅನುಮಾನ ದಟ್ಟವಾಗಿದ್ದಾಗ. ಹಾಗಿದ್ದರೆ ‘ನಾನು ಕರೆಯಲಿಲ್ಲ, ಅವರೇ ಬಂದರು’ ಎಂಬ ವಿವರಣೆ ಆತ್ಮರಕ್ಷಣೆಯ ಮಾತಾಗಿರಬಾರದೇಕೆ?

ಆಗಿರಬಹುದು. ಮೊದಲ ಹೆಜ್ಜೆ ಇಟ್ಟವರು ಯಾರು ಎಂಬ ವಿಷಯದಲ್ಲಿ ಆ ಪತ್ರವನ್ನು ಅಕ್ಷರಶಃ ನಂಬಬೇಕೆಂದು ನಾನು ಹೇಳುವುದಿಲ್ಲ. 1669ರ ಪ್ರಸಂಗಗಳಲ್ಲೇ ಸ್ಪೇನರ್ ಭಾನುವಾರದ ಹೊತ್ತನ್ನು ಇಸ್ಪೀಟು, ಕುಡಿತಗಳಲ್ಲಿ ಕಳೆಯುವ ಬದಲು ಒಳ್ಳೆಯ ಮಾತುಕತೆಯಲ್ಲಿ ಕಳೆಯಬೇಕೆಂದು ಸೂಚಿಸಿದ್ದರು. ಬಂದವರು ತಮ್ಮ ಗುರುಗಳ ಮಾತನ್ನೇ ಅವರಿಗೆ ಒಪ್ಪಿಸುತ್ತಿದ್ದರು ಎನ್ನಲು ಅವಕಾಶವಿದೆ. ಆದರೆ ಹಾಗೆ ಹೇಳಿದರೂ ನನ್ನ ವಾದ ಬೀಳುವುದಿಲ್ಲ, ಬಲಗೊಳ್ಳುತ್ತದೆ. ಗುರುಗಳ ಸೂಚನೆಯ ಕೇಂದ್ರದಲ್ಲೂ ಮಾತುಕತೆಯೇ ಇದೆ.

ಪುಸ್ತಕಗಳ ಪಟ್ಟಿಯ ವಿಷಯದಲ್ಲಂತೂ ಪತ್ರದ ಮಾತು ಬರೆದವರ ಅನುಕೂಲಕ್ಕೆ ವಿರುದ್ಧವಾದದ್ದು. 1677ರ ಹೊತ್ತಿಗೆ ‘ಪಿಯಾ ದೆಸಿದೇರಿಯಾ’ ಎರಡು ವರ್ಷ ಹಳೆಯದು. ಸತ್ಯವೇದವನ್ನು ಸೇರಿ ಓದಿ ಚರ್ಚಿಸುವ ಕೂಟಗಳನ್ನು ಅಪೊಸ್ತಲರ ಕಾಲದ ಮಾದರಿಯಲ್ಲಿ ಮತ್ತೆ ಎಬ್ಬಿಸಬೇಕೆಂದು ಅವರು ಇಡೀ ಲೂಥರನ್ ಸಭೆಗೆ ಕರೆಕೊಟ್ಟಾಗಿತ್ತು. ‘ನಾವು ಮೊದಲ ದಿನದಿಂದ ಹಾಗೆಯೇ ನಡೆದೆವು’ ಎಂದಿದ್ದರೆ ಎಷ್ಟು ಚೆನ್ನಾಗಿ ಕಾಣುತ್ತಿತ್ತು! ಅವರು ಹಾಗೆ ಹೇಳಲಿಲ್ಲ. ತಮಗೆ ಒಪ್ಪುವ ಕಥೆಯನ್ನು ಕೈಯಾರೆ ಕೆಡಿಸುವ ಸಾಕ್ಷಿಯನ್ನು ನಂಬಬೇಕೆಂಬುದು ಆಕರ ವಿಮರ್ಶೆಯ ಹಳೆಯ ನಿಯಮ. ಸ್ಪೇನರ್ ತಮ್ಮ ಕೂಟದ ಬಗ್ಗೆ ಹೇಳಿದ್ದಕ್ಕಿಂತ ಹೆಚ್ಚಿನ ಹಿರಿಮೆಯನ್ನು ಅವರ ಅಭಿಮಾನಿಗಳು ಅದಕ್ಕೆ ಕಟ್ಟಿದ್ದಾರೆ. ಇದರಿಂದ ಸ್ಪೇನರ್ ಅವರಿಗೆ ಉಪಕಾರವಾಗಿಲ್ಲ.

4

ಈಗ ವಿವಾದದ ನಡುಗಂಬಕ್ಕೆ ಬರೋಣ. ‘ಪಿಯಾ ದೆಸಿದೇರಿಯಾ’ದ ಆರು ಸಲಹೆಗಳಲ್ಲಿ ಮೊದಲನೆಯದು ದೇವರ ವಾಕ್ಯವನ್ನು ಜನರ ನಡುವೆ ಹೆಚ್ಚು ಸಮೃದ್ಧವಾಗಿ ತರುವುದು. ಭಾನುವಾರಗಳಿಗೆ ಗೊತ್ತುಮಾಡಿದ ಪಾಠಭಾಗಗಳಷ್ಟನ್ನೇ ಕೇಳುತ್ತಿದ್ದರೆ ಸತ್ಯವೇದದ ಬಹುಭಾಗ ಜನರ ಕಿವಿಗೆ ಬೀಳುವುದೇ ಇಲ್ಲ ಎಂಬುದು ಅವರ ಕೊರಗು. ಅದಕ್ಕೆ ಅವರು ಮೂರು ದಾರಿ ಸೂಚಿಸುತ್ತಾರೆ: ಮನೆಮನೆಯಲ್ಲಿ ಓದು, ದೇವಾಲಯದಲ್ಲಿ ಸತ್ಯವೇದದ ಪುಸ್ತಕಗಳನ್ನು ಸಾಲಾಗಿ ಓದಿ ಕೇಳಿಸುವುದು, ಮೂರನೆಯದು, ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 14ನೆಯ ಅಧ್ಯಾಯದಲ್ಲಿ ವರ್ಣಿಸುವಂಥ ಸಭೆ. ಅಲ್ಲಿ ಒಬ್ಬರೇ ಎದ್ದು ಪ್ರಸಂಗ ಮಾಡುವುದಿಲ್ಲ. ಸಭಾಪಾಲಕರ ಮುಂದಾಳತನದಲ್ಲಿ ವಾಕ್ಯವನ್ನು ಓದಿ, ಒಂದೊಂದು ವಚನವನ್ನೂ ಸೋದರಭಾವದಿಂದ ಮಾತಾಡಿಕೊಂಡು, ಅರ್ಥವಾಗದವರು ಸಂದೇಹ ಹೇಳಿ, ತಿಳಿದವರು ಬಿಡಿಸಿ ಹೇಳುತ್ತಾರೆ.

ಸ್ಪೇನರ್‌ಗೆ ಈ ಅಧ್ಯಾಯ ಎಲ್ಲಿಂದ ಸಿಕ್ಕಿತು? ವಾಲ್‌ಮಾನ್ ಬೆರಳು ತೋರಿಸಿದ್ದು ಜಾಂ ದ ಲಬಾದಿಯ ಕಡೆಗೆ. ಜೆಸುಯಿಟ್ ಸಂಘವನ್ನು ಬಿಟ್ಟು ರಿಫಾರ್ಮ್ಡ್ ಸಭೆಯ ಪಾಲಕನಾದ ಈ ಫ್ರೆಂಚ್ ವ್ಯಕ್ತಿ, ಇದೇ 14ನೆಯ ಅಧ್ಯಾಯವನ್ನು ಹೆಸರಿನಲ್ಲೇ ಹೊತ್ತ ‘ಪ್ರವಾದನೆಯ ಸಾಧನೆ’ ಎಂಬ ಅರ್ಥದ ಕಿರುಹೊತ್ತಗೆಯನ್ನು 1668ರಲ್ಲಿ ಬರೆದಿದ್ದ. ಸ್ಪೇನರ್ ಯೌವನದಲ್ಲಿ ಜಿನೀವಾದಲ್ಲಿದ್ದಾಗ ಲಬಾದಿಯನ್ನು ಕಂಡಿದ್ದರು. ಆತನ ಪ್ರಾರ್ಥನೆಯ ಪುಸ್ತಕವೊಂದನ್ನು 1667ರಲ್ಲಿ ಜರ್ಮನ್ ಭಾಷೆಗೆ ತಂದಿದ್ದರು. ಲಬಾದಿಯ ಬಳಗ ಸೇರಿದ್ದ ಮಹಾವಿದುಷಿ ಅನ್ನಾ ಮರಿಯಾ ಫಾನ್ ಸ್ಖೂರ್ಮಾನ್ ಅವರೊಡನೆ ಶ್ಯೂಟ್ಸ್ 1674ರಿಂದ ಪತ್ರ ವ್ಯವಹಾರ ನಡೆಸುತ್ತಿದ್ದರು. ಎಳೆಗಳು ಕೂಡುತ್ತವೆ. ಆದರೆ ಸ್ಪೇನರ್ ಕೃತಿಗಳ ಸಂಪಾದನೆಯಲ್ಲಿ ಜೀವ ತೇದ ಕುರ್ಟ್ ಆಲಾಂಡ್ ಇದನ್ನು ಒಪ್ಪಲಿಲ್ಲ. ಲೂಥರನ್ ಸಭೆಯ ಒಳಗಿನ ನವೀಕರಣಕ್ಕೆ ಹೊರಗಿನ ರಿಫಾರ್ಮ್ಡ್ ತಂದೆಯನ್ನು ಹುಡುಕುವುದು ಅವರಿಗೆ ಸರಿತೋರಲಿಲ್ಲ. ಲೂಥರ್ ಅವರೇ 1526ರಲ್ಲಿ ಜರ್ಮನ್ ಆರಾಧನಾ ಕ್ರಮದ ಮುನ್ನುಡಿಯಲ್ಲಿ, ಮನಸಾರೆ ಕ್ರೈಸ್ತರಾಗಿ ಬಾಳಬಯಸುವವರು ಮನೆಯೊಂದರಲ್ಲಿ ಸೇರುವ ಕ್ರಮವನ್ನು ಸೂಚಿಸಿ, ಅದಕ್ಕೆ ತಕ್ಕ ಜನ ತಮಗಿನ್ನೂ ಸಿಕ್ಕಿಲ್ಲವೆಂದು ಬಿಟ್ಟಿದ್ದರಲ್ಲ ಎಂಬ ನೆನಪೂ ಆ ಪಕ್ಷದ ಬೆನ್ನಿಗಿದೆ.

ಹೀಗೆ ವಾದವೆಲ್ಲ ಕುಲಗೋತ್ರದ ವಾದವಾಯಿತು. ಇದಕ್ಕೆ ತುಂಬ ಮೊದಲೇ ಆಲ್ಬ್ರೆಕ್ಟ್ ರಿಚಲ್ 1880ರಿಂದ 1886ರವರೆಗೆ ಮೂರು ಸಂಪುಟಗಳಲ್ಲಿ ಭಕ್ತಿಪಂಥದ ಚರಿತ್ರೆ ಬರೆದು, ಅದರ ಬೇರು ಮಧ್ಯಯುಗದ ಕೆಥೋಲಿಕ್ ಅನುಭಾವದಲ್ಲಿದೆ ಎಂದು ತೋರಿಸಲು ಹೊರಟಿದ್ದರು. ಅವರ ಪಾಂಡಿತ್ಯಕ್ಕೆ ಎಣೆಯಿಲ್ಲ. ಆದರೆ ಒಂದು ಕೂಟದ ಯೋಗ್ಯತೆಯನ್ನು ಅದರ ವಂಶಾವಳಿಯಿಂದ ತೀರ್ಮಾನಿಸುವ ಚಟವನ್ನು ಈ ಕ್ಷೇತ್ರಕ್ಕೆ ಅಂಟಿಸಿದವರೂ ಅವರೇ. ಅವರನ್ನು ಖಂಡಿಸಿದವರೂ ಆ ಚಟವನ್ನು ಬಿಡಲಿಲ್ಲ.

ನಾನು ಕೇಳಬಯಸುವುದು ಇಷ್ಟೇ: 14ನೆಯ ಅಧ್ಯಾಯವನ್ನು ಯಾರಿಂದ ಪಡೆದರು ಎಂಬುದಿರಲಿ, ಅದರ 29ನೆಯ ವಚನವನ್ನು ಅವರು ಹೇಗೆ ಓದಿದರು? ಪ್ರವಾದಿಸುವವರು ಇಬ್ಬರೋ ಮೂವರೋ ಮಾತಾಡಲಿ, ಉಳಿದವರು ಅದನ್ನು ತೂಗಿ ನೋಡಲಿ ಎಂಬುದು ಅದರ ತಾತ್ಪರ್ಯ. ಗ್ರೀಕ್ ಮೂಲದಲ್ಲಿರುವ ‘ಹೊಯ್ ಅಲ್ಲೊಯ್’ ಎಂದರೆ ‘ಉಳಿದವರು’, ‘ಇತರರು’ ಎಂದಷ್ಟೇ ಅರ್ಥ. ಯಾವ ಉಳಿದವರು? ಉಳಿದ ಪ್ರವಾದಿಗಳೇ, ಅಥವಾ ಅಲ್ಲಿ ಕುಳಿತ ಇಡೀ ಸಭೆಯೇ? ವ್ಯಾಕರಣ ಎರಡಕ್ಕೂ ಎಡೆಕೊಡುತ್ತದೆ. ವ್ಯಾಖ್ಯಾನಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. ಸತ್ಯವೇದವನ್ನು ಸೇರಿ ಓದುವ ಕೂಟಗಳ ಚರಿತ್ರೆಯನ್ನು ಈ ಒಂದು ಪದಕ್ಕೆ ಸಿಕ್ಕ ಉತ್ತರಗಳ ಚರಿತ್ರೆಯೆಂದು ಓದಬೇಕೆಂಬುದು ನನ್ನ ಸೂಚನೆ.

5

ಮೊದಲ ಉತ್ತರ ಜೂರಿಕ್‌ನದು. 1525ರ ಜೂನ್ 19ರಂದು ಅಲ್ಲಿನ ಗ್ರೋಸ್‌ಮ್ಯುನ್ಸ್ಟರ್ ದೇವಾಲಯದಲ್ಲಿ ಹುಲ್ಡ್ರಿಕ್ ಜ್ವಿಂಗ್ಲಿ ಶುರುಮಾಡಿದ ನಿತ್ಯದ ಓದಿಗೆ ಮುಂದೆ ‘ಪ್ರೊಫೆಟ್ಸೈ’, ಅಂದರೆ ‘ಪ್ರವಾದನೆ’, ಎಂಬ ಹೆಸರೇ ನಿಂತಿತು. ಹೆಸರು ಬಂದದ್ದು ಇದೇ 14ನೆಯ ಅಧ್ಯಾಯದಿಂದ. ಶುಕ್ರವಾರ, ಭಾನುವಾರ ಬಿಟ್ಟು ಉಳಿದ ದಿನ ಬೆಳಗ್ಗೆ ಹಳೆಯ ಒಡಂಬಡಿಕೆಯ ಭಾಗವೊಂದನ್ನು ಮೊದಲು ಲ್ಯಾಟಿನ್‌ನಲ್ಲಿ, ಆಮೇಲೆ ಹೀಬ್ರೂವಿನಲ್ಲಿ, ಆಮೇಲೆ ಗ್ರೀಕ್ ಅನುವಾದದಲ್ಲಿ ಓದಿ ವಿದ್ವಾಂಸರು ಅರ್ಥ ಚರ್ಚಿಸುತ್ತಿದ್ದರು. ಕೊನೆಗೆ ಒಬ್ಬರು ಅದರ ಫಲವನ್ನು ಜನರಿಗೆ ಜರ್ಮನ್‌ನಲ್ಲಿ ಹೇಳುತ್ತಿದ್ದರು. 1531ರ ಜೂರಿಕ್ ಸತ್ಯವೇದ ಈ ದುಡಿಮೆಯ ಫಲ. ನಮ್ಮ ಗಮಕ ಬಲ್ಲವರಿಗೆ ಇದರ ಸ್ವರೂಪ ಸುಲಭವಾಗಿ ಹಿಡಿಸುತ್ತದೆ: ವಾಚನಕ್ಕೊಬ್ಬರು, ವ್ಯಾಖ್ಯಾನಕ್ಕೊಬ್ಬರು, ಎದುರಿಗೆ ಕೇಳುವ ಊರು. ಇಲ್ಲಿ ‘ಉಳಿದವರು’ ಎಂದರೆ ಮೂರು ಭಾಷೆ ಬಲ್ಲ ಉಳಿದ ಪಂಡಿತರು. ಜನ ಕೇಳುವವರು, ತೂಗುವವರಲ್ಲ. ಪ್ರೊಫೆಟ್ಸೈಯನ್ನು ‘ಮೊದಲ ಸತ್ಯವೇದ ಅಧ್ಯಯನ ಗುಂಪು’ ಎಂದು ಕರೆಯುವವರು ಈ ಎದುರಿಗಿನ ಊರನ್ನು ಮರೆತಿದ್ದಾರೆ.

ಆದರೆ ಅದೇ ಜೂರಿಕ್‌ನಲ್ಲಿ ಮೂರು ವರ್ಷ ಮೊದಲೇ ಇನ್ನೊಂದು ಉತ್ತರ ಮೊಳೆತಿತ್ತು. ಅಂದ್ರೆಯಾಸ್ ಕಾಸ್ಟೆಲ್‌ಬೆರ್ಗರ್ ಎಂಬ ಕಾಲೂನವಾದ ಪುಸ್ತಕ ವ್ಯಾಪಾರಿ 1522ರ ಹೊತ್ತಿಗೆ ಕಸುಬುದಾರರ ಸಣ್ಣ ಗುಂಪೊಂದರ ಜೊತೆ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯನ್ನು ಮನೆಗಳಲ್ಲಿ ಓದುತ್ತಿದ್ದ. ಇದು ನಮಗೆ ಗೊತ್ತಿರುವುದು ಅಧಿಕಾರಿಗಳು ಸಾಕ್ಷ್ಯ ತೆಗೆದುಕೊಂಡದ್ದರಿಂದ. ಓದಿನಿಂದ ಮಾತು ಕೂಲಿ ಸೈನಿಕರ ಯುದ್ಧದವರೆಗೂ ಹೋಗಿತ್ತೆಂದು ಆ ಸಾಕ್ಷ್ಯದಿಂದ ತಿಳಿಯುತ್ತದೆ. ಆ ಬಳಗದ ಕೆಲವರು ಮುಂದೆ ವಯಸ್ಕರ ದೀಕ್ಷಾಸ್ನಾನದ ಪಂಗಡಕ್ಕೆ ಸೇರಿದರು. ಆ ಪಂಗಡದ ಮೊದಲ ದೀಕ್ಷಾಸ್ನಾನ ಜೂರಿಕ್‌ನಲ್ಲಿ ನಡೆದದ್ದು 1525ರ ಜನವರಿ 21ರಂದು. ಜ್ವಿಂಗ್ಲಿ ದೇವಾಲಯದ ಒಳಗೆ ಪಂಡಿತರ ಓದನ್ನು ಕಟ್ಟಿದ್ದು ಅದಾದ ಐದು ತಿಂಗಳಿಗೆ. ಈ ಸಾಮೀಪ್ಯ ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಪ್ರವಾದಿಸುವವನಿಗೆ ಭಾಷಾಜ್ಞಾನ ಬೇಕೆಂದು ಆ ಬೇಸಿಗೆಯಲ್ಲೇ ಜ್ವಿಂಗ್ಲಿ ಬರೆದು ಪ್ರಕಟಿಸಿದರು. ‘ಉಳಿದವರು’ ಎಂಬ ಪದದ ಬಾಗಿಲನ್ನು ಯಾರು ಯಾರು ದಾಟಬಹುದೆಂದು ಗೊತ್ತುಮಾಡುವ ಕೆಲಸ ಅದು.

(‘ಮೊದಲ ಕೂಟ ಯಾವುದು’ ಎಂದು ಹಟ ಹಿಡಿಯುವವರಿಗೆ ಕಾಸ್ಟೆಲ್‌ಬೆರ್ಗರ್ ಬಳಗವನ್ನೇ ಕೊಡಬಹುದು, ಅದು ಫ್ರಾಂಕ್‌ಫರ್ಟಿಗಿಂತ ಸುಮಾರು 150 ವರ್ಷ ಹಿರಿದು. ಆದರೆ ಮೊದಲನೆಯದನ್ನು ಹುಡುಕುವ ಆಟದಲ್ಲಿ ನನಗೆ ಆಸಕ್ತಿಯಿಲ್ಲ. ಪೊಲೀಸು ಸಾಕ್ಷ್ಯದಲ್ಲಿ ಸಿಕ್ಕಿಬಿದ್ದ ಗುಂಪು ಅದು. ಸಿಕ್ಕಿಬೀಳದೆ ಓದಿದವರು ಎಷ್ಟಿದ್ದರೋ.)

ಮೂರನೆಯ ಉತ್ತರ ಇಂಗ್ಲೆಂಡಿನದು. ಎಲಿಜಬೆತ್ ರಾಣಿಯ ಕಾಲದಲ್ಲಿ ‘ಪ್ರವಾದನೆ’ ಎಂಬ ಹೆಸರಿನಲ್ಲೇ ಸಭಾಪಾಲಕರು ಒಂದೆಡೆ ಸೇರಿ, ಒಂದೇ ವಾಕ್ಯಭಾಗವನ್ನು ಸರದಿಯಂತೆ ವಿವರಿಸಿ, ಆಮೇಲೆ ಒಬ್ಬರ ತಪ್ಪನ್ನು ಒಬ್ಬರು ತಿದ್ದಿಕೊಳ್ಳುತ್ತಿದ್ದರು. ಜನ ಸುತ್ತ ಕುಳಿತು ಕೇಳುತ್ತಿದ್ದರು. ರಾಣಿ ಅದನ್ನು ಅಡಗಿಸಲು ಆಜ್ಞಾಪಿಸಿದಾಗ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಎಡ್ಮಂಡ್ ಗ್ರಿಂಡಲ್ 1576ರ ಡಿಸೆಂಬರ್‌ನಲ್ಲಿ ಒಪ್ಪುವುದಿಲ್ಲವೆಂದು ಪತ್ರ ಬರೆದರು. ಮರುವರ್ಷ ಅವರ ಅಧಿಕಾರವನ್ನು ಅಮಾನತಿನಲ್ಲಿಡಲಾಯಿತು. 1583ರಲ್ಲಿ ಅವರು ತೀರಿಕೊಂಡರು. ಗ್ರಿಂಡಲ್ ಅವರ ಧೈರ್ಯಕ್ಕೆ ನಮಸ್ಕಾರ. ಆದರೆ ಅವರು ಕಾಪಾಡಲು ಹೊರಟದ್ದು ಪಾಲಕರ ನಾಲಗೆಯನ್ನು. ಇಲ್ಲಿ ‘ಉಳಿದವರು’ ಎಂದರೆ ಉಳಿದ ಪಾಲಕರು. ಅಷ್ಟಕ್ಕೇ ಸಿಂಹಾಸನ ಅಲುಗಿತು ಎಂಬುದನ್ನು ಗಮನಿಸಬೇಕು.

ನಾಲ್ಕನೆಯದು ಲಬಾದಿಯದು. ಆತ ಸಭೆಯ ಸಾಮಾನ್ಯರಿಗೂ ಮಾತಿನ ಹಕ್ಕನ್ನು ಕೊಟ್ಟ. ಆದರೆ ಆ ಸಭೆ ಬರಬರುತ್ತ ಆಯ್ದವರ ಸಭೆಯಾಯಿತು. 1669ರಲ್ಲಿ ಆತ ಸಾರ್ವಜನಿಕ ಸಭೆಯಿಂದ ಬೇರೆಯಾಗಿ ಆಂಸ್ಟರ್‌ಡಾಮ್‌ನಲ್ಲಿ ಮನೆಸಭೆ ಕಟ್ಟಿದ. ‘ಉಳಿದವರು’ ಎಲ್ಲರೂ ಆದರು, ಆದರೆ ‘ಎಲ್ಲರೂ’ ಎಂಬುದೇ ಕುಗ್ಗಿತು.

6

ಈ ನಾಲ್ಕು ಉತ್ತರಗಳ ಪಕ್ಕದಲ್ಲಿಟ್ಟಾಗ ಸ್ಪೇನರ್ ಅವರ ಮಾತಿನ ತೂಕ ತಿಳಿಯುತ್ತದೆ. ಪಾಲಕರ ಮುಂದಾಳತನವನ್ನು ಅವರು ಬಿಡಲಿಲ್ಲ; ಇಲ್ಲಿ ಅವರು ಜೂರಿಕ್‌ಗೆ, ಗ್ರಿಂಡಲ್‌ಗೆ ಹತ್ತಿರ. ಆದರೆ ಸಂದೇಹ ಕೇಳುವ, ತಿಳಿದದ್ದನ್ನು ಹೇಳುವ ಹಕ್ಕನ್ನು ಸಾಮಾನ್ಯರಿಗೆ ಕೊಟ್ಟರು. ಇಲ್ಲಿ ಅವರು ಲಬಾದಿಗೆ ಹತ್ತಿರ. ಅಷ್ಟರ ಮೇಲೆ ಸಭೆಯನ್ನು ಬಿಟ್ಟು ಹೊರಗೆ ಹೋಗಕೂಡದೆಂದು ಪಟ್ಟು ಹಿಡಿದರು. ಇಲ್ಲಿ ಲಬಾದಿಯಿಂದ ದೂರ. ಈ ಮೂರನ್ನೂ ಒಂದೇ ಕೈಯಲ್ಲಿ ಹಿಡಿಯಹೊರಟದ್ದು ಅವರ ಸ್ವಂತಿಕೆ. ಅದು ವಾಲ್‌ಮಾನ್ ಹೇಳುವಂತೆ ಲಬಾದಿಯಿಂದ ಬಂದ ಬೀಜವಿರಬಹುದು. ನನಗೂ ಹಾಗೆಯೇ ತೋರುತ್ತದೆ. ಆದರೆ ಬೀಜ ಬಿದ್ದ ನೆಲ 1670ರಿಂದಲೇ ಹದವಾಗಿತ್ತು. ನಾಲ್ಕೈದು ವರ್ಷ ಒಬ್ಬರ ಎದುರು ಒಬ್ಬರು ಮಾತಾಡಿ ಪಳಗಿದ ಬಾಯಿಗಳು ಅಲ್ಲಿದ್ದವು. ಬೇಲಿಯ ಪುಟ ತೆರೆದು ‘ಇದು ನನಗೆ ಹೀಗೆ ತಟ್ಟಿತು’ ಎನ್ನಲು ಕಲಿತವರು, ಪೌಲನ ಪುಟ ತೆರೆದಾಗಲೂ ಹಾಗೆನ್ನಬಲ್ಲವರಾದರು. 1670ಕ್ಕೂ 1675ಕ್ಕೂ ನಡುವೆ ಇರುವುದು ಬಿರುಕಲ್ಲ, ಬೆಳವಣಿಗೆ. ಈ ಒಂದು ಅಂಶದಲ್ಲಿ ನಾನು ವಾಲ್‌ಮಾನ್ ಅವರನ್ನು ಬಿಟ್ಟು ನಿಲ್ಲುತ್ತೇನೆ.

ಸ್ಪೇನರ್ ಅವರ ಎರಡನೆಯ ಸಲಹೆ ಇದಕ್ಕೆ ಬೆಂಬಲ. ಎಲ್ಲ ವಿಶ್ವಾಸಿಗಳ ಯಾಜಕತ್ವವನ್ನು ಆಚರಣೆಗೆ ತರಬೇಕೆಂಬುದು ಅದು. ಅದನ್ನೇ ವಿಸ್ತರಿಸಿ 1677ರಲ್ಲಿ ಅವರು 70 ಪ್ರಶ್ನೋತ್ತರಗಳ ಪುಸ್ತಕ ಬರೆದರು. ನಮ್ಮ ಪತ್ರ ಬಂದದ್ದೂ ಅದೇ ವರ್ಷ. ಕೂಟದ ವಿವರಣೆಯನ್ನೂ ಯಾಜಕತ್ವದ ವಾದವನ್ನೂ ಅವರು ಒಂದೇ ವರ್ಷ ಜನರ ಮುಂದಿಟ್ಟದ್ದನ್ನು ನೋಡಿದರೆ ಅವರ ಮನಸ್ಸಿನಲ್ಲಿ ಎರಡೂ ಒಂದೇ ಎಂಬುದು ಸ್ಪಷ್ಟ.

7

ನನ್ನ ಅಳತೆಕೋಲು ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಚರಿತ್ರೆಯೇ ಒಂದು ಪ್ರಯೋಗ ಮಾಡಿಕೊಟ್ಟಿದೆ. 1682ರಲ್ಲಿ ಸ್ಪೇನರ್ ಅವರ ಕೂಟ ಮನೆಯಿಂದ ದೇವಾಲಯಕ್ಕೆ, ಬಾರ್ಫ್ಯೂಸರ್ ದೇವಾಲಯಕ್ಕೆ, ವರ್ಗವಾಯಿತು. ಅನುಮಾನ ಕಳೆಯಿತು, ಅಧಿಕೃತ ಒಪ್ಪಿಗೆ ಸಿಕ್ಕಿತು, ಜಾಗ ವಿಶಾಲವಾಯಿತು. ಅದೇ ಸತ್ಯವೇದ, ಅದೇ ಸ್ಪೇನರ್, ಅದೇ ಪ್ರಾರ್ಥನೆ. ಬದಲಾದದ್ದು ಒಂದೇ: ಸಾಮಾನ್ಯರು ಮಾತು ನಿಲ್ಲಿಸಿದರು. ದೇವಾಲಯದ ಕಂಬಗಳ ನಡುವೆ, ಯಾರು ಯಾರೋ ಕೇಳುತ್ತಿರುವಾಗ, ಕಸುಬುದಾರನೊಬ್ಬ ಎದ್ದು ತನ್ನ ಸಂದೇಹ ಹೇಳಲು ಹಿಂಜರಿದ. ದೈವಶಾಸ್ತ್ರ ಓದಿದವರಷ್ಟೇ ಮಾತಾಡುವವರಾಗಿ ಉಳಿದರು. ಸ್ಪೇನರ್ ಇದಕ್ಕಾಗಿ ನೊಂದುಕೊಂಡರು.

ಪುಸ್ತಕವೇ ಕೂಟದ ಜೀವವಾಗಿದ್ದರೆ 1682ರಲ್ಲಿ ಏನೂ ಆಗಬೇಕಿರಲಿಲ್ಲ. ಸತ್ಯವೇದ ಮೇಜಿನ ಮೇಲಿರದ 1670ರಲ್ಲಿ ಕೂಟ ಬದುಕಿತ್ತು. ಸತ್ಯವೇದ ಪೀಠದ ಮೇಲಿದ್ದ 1682ರಲ್ಲಿ ಸೊರಗಿತು. ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕೆ?

(ಇದರಿಂದ ಸತ್ಯವೇದ ಇಲ್ಲದೆಯೂ ಕೂಟ ನಡೆಯಬಹುದೆಂಬ ಅರ್ಥ ತೆಗೆಯಬಾರದು. ಮಾತು ಮಾತ್ರ ಉಳಿದು ವಾಕ್ಯ ಮರೆಯಾದರೆ ಅದು ಹರಟೆ. ಮಾತಿನ ಬಾಯಾರಿಕೆಯಿಂದ ಶುರುವಾದ ಕೂಟ ವಾಕ್ಯದ ಬಾವಿಯನ್ನೇ ಹುಡುಕಿಕೊಂಡು ಹೋಯಿತೆಂಬುದು ಫ್ರಾಂಕ್‌ಫರ್ಟಿನ ಕಥೆಯ ಹಿರಿಮೆ.)

ಲೈಪ್ಸಿಗ್‌ನಲ್ಲಿ ಕಥೆ ಇನ್ನೊಂದು ತುದಿಯಿಂದ ಶುರುವಾಗಿ ಅಲ್ಲಿಗೇ ಬಂದು ಮುಟ್ಟಿತು. ಆಗಸ್ಟ್ ಹೆರ್ಮಾನ್ ಫ್ರಾಂಕೆ ಮತ್ತು ಪೌಲ್ ಆಂಟೊನ್ 1686ರಲ್ಲಿ ತೆರೆದ ‘ಕೊಲ್ಲೇಗಿಯುಂ ಫಿಲೊಬಿಬ್ಲಿಕುಂ’ ಹೀಬ್ರೂ, ಗ್ರೀಕ್ ಮೂಲಗಳನ್ನು ಬಿಡಿಸುವ ಯುವ ಪಂಡಿತರ ಗುಂಪಾಗಿತ್ತು. ಬರಿಯ ಭಾಷಾಭ್ಯಾಸದಲ್ಲಿ ನಿಲ್ಲದೆ ಬದುಕಿಗೆ ತಟ್ಟುವಂತೆ ಓದಿರೆಂದು ಸ್ಪೇನರ್ ಸಲಹೆಕೊಟ್ಟರು. ಆಮೇಲೆ ಊರಿನ ಜನರೂ ಸೇರತೊಡಗಿದರು. 1690ರ ಹೊತ್ತಿಗೆ ಸ್ಯಾಕ್ಸನಿಯಲ್ಲಿ ಇಂಥ ಕೂಟಗಳಿಗೆ ನಿಷೇಧ ಬಂತು. ಪಂಡಿತರು ಹೀಬ್ರೂ ಓದುತ್ತಿದ್ದಷ್ಟು ದಿನ ಯಾರಿಗೂ ತೊಂದರೆಯಾಗಿರಲಿಲ್ಲ.

8

ಕನ್ನಡ ಓದುಗರಿಗೆ ಇದು ದೂರದ ಕಥೆಯಲ್ಲ. ಸ್ಪೇನರ್ ಬಯಸಿದ, ಸಭೆಯ ಒಳಗೇ ಇರುವ ಕೂಟಕ್ಕೆ ಗಟ್ಟಿಯಾದ ಕಾನೂನಿನ ಆಸರೆ ಸಿಕ್ಕಿದ್ದು ವುರ್ಟೆಂಬರ್ಗ್‌ನಲ್ಲಿ, 1743ರ ರಾಜಾಜ್ಞೆಯಿಂದ. ಪಾಲಕರ ಅರಿವಿನಲ್ಲಿ ಮನೆಕೂಟ ನಡೆಸಲು ಅದು ಅನುಮತಿ ಕೊಟ್ಟಿತು. ಅಲ್ಲಿನ ಜನ ಅದನ್ನು ‘ಸ್ಟುಂಡೆ’, ಅಂದರೆ ‘ಗಳಿಗೆ’, ಎಂದು ಕರೆದರು. ಅದರ ಹಿಂದಿನ ವರ್ಷವೇ ಅಲ್ಲಿನ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ ಹೊಸ ಒಡಂಬಡಿಕೆಗೆ ಪದಪದವನ್ನೂ ತೂಗುವ ‘ಗ್ನೊಮೊನ್’ ಎಂಬ ವ್ಯಾಖ್ಯಾನವನ್ನು ಪ್ರಕಟಿಸಿದ್ದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿಗೆ ಈ ನಾಡಿನಿಂದ ಜನಬಲ ಬರುತ್ತಿತ್ತು. ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರತಂದ ಹೆರ್ಮನ್ ಮೊಗ್ಲಿಂಗ್ ವುರ್ಟೆಂಬರ್ಗ್‌ನವರೇ. ಗಳಿಗೆಯ ಕೂಟದಲ್ಲಿ ಬೆಳೆದ ಸಭೆಯ ಮಕ್ಕಳು ನಮ್ಮ ಕರಾವಳಿಗೆ ಬಂದರೆಂಬುದನ್ನು ಮರೆತು, ನಮ್ಮಲ್ಲಿ ಸತ್ಯವೇದ ಅಧ್ಯಯನ ಇತ್ತೀಚೆಗೆ ಅಮೆರಿಕದ ಮುದ್ರಿತ ಪಾಠಮಾಲೆಗಳೊಡನೆ ಬಂತೆಂದು ಬರೆಯುವುದು ಚರಿತ್ರೆಯನ್ನು ಕತ್ತರಿಸುವುದು.

ಇನ್ನೊಂದು ಮಾತು ನಮ್ಮ ಶಬ್ದದ ಬಗ್ಗೆ. ನಾವು ‘ವೇದಪಾಠ’ ಎನ್ನುತ್ತೇವೆ. ‘ಪಾಠ’ ಎಂದೊಡನೆ ಒಬ್ಬರು ಹೇಳಿಕೊಡುವವರು, ಉಳಿದವರು ಒಪ್ಪಿಸುವವರು ಎಂಬ ಚಿತ್ರ ಕಣ್ಣಿಗೆ ಬರುತ್ತದೆ. ಕೈಪಿಡಿಯ ಪ್ರಶ್ನೆಗಳಿಗೆ ಕೈಪಿಡಿಯಲ್ಲೇ ಇರುವ ಉತ್ತರವನ್ನು ಹೇಳಿಸುವ ಕೂಟಗಳಲ್ಲಿ ನಾನೂ ಎಷ್ಟೋ ಸಲ ಕುಳಿತಿದ್ದೇನೆ. ಅಲ್ಲಿ ಸತ್ಯವೇದ ತೆರೆದಿರುತ್ತದೆ, ಆದರೆ ಅದು 1682ರ ಫ್ರಾಂಕ್‌ಫರ್ಟ್. ‘ಕೂಟ’ ಎಂಬ ಶಬ್ದ ನಮ್ಮ ಸಭೆಗಳಲ್ಲಿ ಇದ್ದೇ ಇದೆ. ಪ್ರಾರ್ಥನೆಗೆ ಅದನ್ನು ಬಳಸುತ್ತೇವೆ. ಅಧ್ಯಯನಕ್ಕೂ ಅದೇ ತಕ್ಕ ಶಬ್ದವೆಂದು ಚರಿತ್ರೆ ಹೇಳುತ್ತದೆ.

ಕೊನೆಯದಾಗಿ, ನಾನು ಪಕ್ಷ ವಹಿಸಿ ವಾದಿಸಿದ ಸ್ಪೇನರ್ ಅವರ ಮನೆಗೇ ಹಿಂತಿರುಗಬೇಕು. ಆ ಕೂಟಕ್ಕೆ ಹೆಂಗಸರೂ ಬರುತ್ತಿದ್ದರು. ಅವರಿಗೆ ಪ್ರತ್ಯೇಕವಾಗಿ, ಕಣ್ಣಿಗೆ ಬೀಳದಂತೆ, ಪಕ್ಕದ ಕೋಣೆಯಲ್ಲಿ ಜಾಗ. ಕೇಳಬಹುದಿತ್ತು, ಮಾತಾಡುವಂತಿರಲಿಲ್ಲ. 29ನೆಯ ವಚನದ ‘ಉಳಿದವರು’ ಎಂಬ ಪದವನ್ನು ಅಷ್ಟು ಅಗಲಕ್ಕೆ ತೆರೆದ ಸ್ಪೇನರ್, ಐದು ವಚನ ಮುಂದೆ ಬರುವ ಹೆಂಗಸರ ಮೌನದ ಮಾತಿನ ಬಳಿ ನಿಂತುಬಿಟ್ಟರು. ಅದೇ ವರ್ಷಗಳಲ್ಲಿ ಅದೇ ಊರಿನ ಜಾಲ್‌ಹೋಫ್ ಎಂಬ ಕಟ್ಟಡದಲ್ಲಿ ಯೋಹಾನ್ನಾ ಎಲಿಯೊನೋರಾ ಫಾನ್ ಮೆರ್ಲಾವ್ ಮತ್ತು ಮರಿಯಾ ಯೂಲಿಯಾನಾ ಬೌರ್ ಫಾನ್ ಐಸೆನೆಕ್ ಸುತ್ತ ಇನ್ನೊಂದು ಕೂಟ ಬೆಳೆಯಿತು. ಶ್ಯೂಟ್ಸ್ ಆ ಕಡೆಗೇ ವಾಲಿದರು. 1676ರಿಂದ ಅವರು ಸಭೆಯ ಕರ್ತನ ಭೋಜನಕ್ಕೂ ಬರಲಿಲ್ಲ. ಇದನ್ನು ಚರಿತ್ರಕಾರರು ‘ಪ್ರತ್ಯೇಕವಾದ’ ಎಂಬ ತಲೆಬರಹದ ಕೆಳಗೆ ಇಡುತ್ತಾರೆ. ನಾನೂ ಇಷ್ಟು ದಿನ ಹಾಗೆಯೇ ಇಟ್ಟಿದ್ದೆ. ಈ ಲೇಖನವನ್ನು ಬರೆಯುತ್ತ ಅದು ಸರಿಯಲ್ಲ ಎನಿಸಿದೆ. ಬಾಯಿ ತೆರೆಯುವ ಹಕ್ಕಿನಿಂದ ಕೂಟವನ್ನು ಅಳೆಯುವುದಾದರೆ, ಪಕ್ಕದ ಕೋಣೆಯಲ್ಲಿ ಕುಳಿತು ವರ್ಷಗಟ್ಟಲೆ ಕೇಳಿದವರು ತಮ್ಮದೇ ಕೋಣೆಯಲ್ಲಿ ಮಾತಾಡತೊಡಗಿದ್ದೂ ಅದೇ ಅಧ್ಯಯನದ ಮುಂದುವರಿಕೆ. ಫ್ರಾಂಕ್‌ಫರ್ಟಿನ ಚರಿತ್ರೆಯನ್ನು ಮುಂದೆ ಬರೆಯುವವರು ಆ ಗೋಡೆಯ ಆಚೆ ಕುಳಿತು ಬರೆಯಬೇಕು.